ನೀರಡಿಯ ಕೇಬಲ್ಲೂ ದಡದ ಮೇಲಿನ ಬುದ್ಧಿವಂತರೂ

ಕರೆಂಟಿನ ಕೆಲಸದಲ್ಲಿರುವವನು ನಗುವುದಕ್ಕೆ ಟಿಕೆಟ್ ತೆಗೆದು ನಾಟಕ ನೋಡಬೇಕಾಗಿಲ್ಲ. ಬೆಳಿಗ್ಗೆ ಕಟಿಂಗ್ ಪ್ಲೇಯರ್ ಜೇಬಿಗೆ ಸಿಕ್ಕಿಸಿಕೊಂಡು ಹೊರಬಿದ್ದರೆ ಸಾಕು, ಸಂಜೆಯೊಳಗೆ ಒಬ್ಬನಲ್ಲ ಒಬ್ಬ ಬುದ್ಧಿವಂತ ತಾನಾಗಿಯೇ ಬಂದು ಎದುರಿಗೆ ನಿಲ್ಲುತ್ತಾನೆ. ಹೋದ ಬೇಸಿಗೆಯಲ್ಲಂತೂ ಅವರು ಸಾಲು ಹಿಡಿದು ಬಂದರು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಹೊಸನಗರ ತಾಲೂಕಿನ ಹಳ್ಳಿಯವನು. ಅಪ್ಪ ಊರಿನ ಜಮೀನ್ದಾರರಾದ ಒಡೇರ ಗದ್ದೆಯನ್ನು ಗೇಣಿಗೆ ಮಾಡುತ್ತಾನೆ. ಅಣೆಕಟ್ಟಿನ ನೀರು ಏರಿ ಬಂದಾಗ ನಮ್ಮ ಕೇರಿ ಈಚೆ ದಡದಲ್ಲಿ ಉಳಿಯಿತು, ಒಡೇರ ಮನೆ ಆಚೆ ದಿಬ್ಬದ ಮೇಲೆ ಉಳಿಯಿತು. ಗದ್ದೆ ಅರ್ಧ ಮುಳುಗಿತು. ಒಡೇರ ಗತ್ತು ಮಾತ್ರ ಒಂದಂಗುಲವೂ ಮುಳುಗಲಿಲ್ಲ. ನಾನು ನೇಗಿಲು ಹಿಡಿಯದೆ ಪವರ್‌ಹೌಸಿಗೆ ಓಡಿ, ಅಲ್ಲಿನ ಮುದುಕ ಕೇಬಲ್ ಮೇಸ್ತ್ರಿಯ ಹತ್ತಿರ ಹೆಲ್ಪರ್ ಆಗಿ ಸೇರಿದೆ. ಕೇಬಲ್ಲಿನ ಎರಡು ತುದಿ ಜೋಡಿಸಿ, ಮೇಲೆ ಸೀಸದ ಕೊಳವೆ ಹಾಕಿ, ನೀರಿನ ಹನಿ ಒಳಗೆ ಹೋಗದ ಹಾಗೆ ಬೆಸೆಯುವ ಕೆಲಸ ಅದು. ನನ್ನ ವಯಸ್ಸಿನವರಲ್ಲಿ ಆ ಕೆಲಸ ಬಲ್ಲವನು ನಮ್ಮ ಮೂರು ತಾಲೂಕಿನಲ್ಲಿ ನಾನೊಬ್ಬನೇ. ಇದು ಜಂಬವಲ್ಲ. ಬೇರೆ ಯಾರಾದರೂ ಇದ್ದರೆ ಬರಲಿ, ಸೀಸ ನಾನೇ ಕಾಯಿಸಿ ಕೊಡುತ್ತೇನೆ.

ನೀರಿನ ಮಧ್ಯೆ ಕಂಬ ನೆಡಲಾಗುವುದಿಲ್ಲ, ತಂತಿ ಅಷ್ಟು ದೂರ ಎಳೆಯಲಾಗುವುದಿಲ್ಲ ಎಂದು ಒಡೇರ ದಿಬ್ಬಕ್ಕೆ ನೀರಿನಡಿಯಲ್ಲೇ ಕೇಬಲ್ ಹಾಕುವುದೆಂದು ತೀರ್ಮಾನವಾಯಿತು. ಆ ಹೊತ್ತಿಗೆ ಮುದುಕ ಮೇಸ್ತ್ರಿ ಜ್ವರ ಹಿಡಿದು ತನ್ನ ಊರಿಗೆ ಹೋಗಿಬಿಟ್ಟ. ಇಂಜಿನಿಯರ್ ಸಾಹೇಬರು ನನ್ನನ್ನು ಕರೆದು, "ಮಳೆ ಹಿಡಿಯೋದ್ರೊಳಗೆ ಆಚೆ ದಡದಲ್ಲಿ ದೀಪ ಹತ್ತಬೇಕು. ಹತ್ತಿದ್ರೆ ನಿನ್ನನ್ನ ಕೇಬಲ್ ಜೋಡಿಸೋ ಜಾಯಿಂಟರ್ ಮಾಡಿಸ್ತೀನಿ. ಕೇಬಲ್ ಸುಟ್ಟುಹೋದ್ರೆ ನಿನ್ನ ಹೆಲ್ಪರ್ ಕೆಲಸವೂ ಇರಲ್ಲ, ಗೊತ್ತಾಯ್ತಾ?" ಎಂದರು.

ಈ ಮಾತು ನನಗಿಂತ ಮೊದಲು ಒಡೇರ ಕಿವಿಗೆ ಬಿತ್ತು. ಅವರು ಅಪ್ಪನನ್ನು ಕರೆಸಿ, "ಈ ಸಲ ನಾಟಿಗೆ ಆಳು ಕಮ್ಮಿ ಆಪ್ಲಿಲ್ಲೆ ಬಿಡು. ನಿನ್ನ ಮಗ ಬತ್ನಲ, ಕರೆಂಟು ಬಿಟ್ಟು!" ಎಂದು ನಕ್ಕರಂತೆ.

ಆ ನಗು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿತು. ಇನ್ನು ಮುಂದಿನದು ಕೇಳಿ.

ಸಾಗರದಲ್ಲಿ ಸಮುದ್ರವಿಲ್ಲ

ಕೇಬಲ್ಲು ಆಳೆತ್ತರದ ಮರದ ಡ್ರಮ್ಮಿಗೆ ಸುತ್ತಿಕೊಂಡು ಗೂಡ್ಸ್ ರೈಲಿನಲ್ಲಿ ಸಾಗರಕ್ಕೆ ಬಂದಿದೆ ಎಂದು ಸುದ್ದಿ ಸಿಕ್ಕಿತು. ಲಾರಿಯವನನ್ನು ಗೊತ್ತುಮಾಡಿಕೊಂಡು ಸ್ಟೋರಿಗೆ ಹೋದರೆ ಡ್ರಮ್ಮೇ ಇಲ್ಲ. ಸ್ಟೋರ್ ಕೀಪರು ಕನ್ನಡಕ ಒರೆಸುತ್ತ ಕೂತಿದ್ದರು.

"ಕೇಬಲ್ ಎಲ್ಲಿ ಸಾರ್?"

"ಅದು ನಮ್ಮದಲ್ಲಯ್ಯ, ಕಳಿಸಿಬಿಟ್ಟೆ."

"ಎಲ್ಲಿಗೆ?"

"ಸಮುದ್ರಕ್ಕೆ."

ನಾನು ಕಿವಿಯೊಳಗೆ ಬೆರಳು ಹಾಕಿ ತಿರುವಿಕೊಂಡು ಮತ್ತೆ ಕೇಳಿದೆ. ಅವರು ಬಹಳ ಸಮಾಧಾನದಿಂದ, ದಡ್ಡ ಹುಡುಗನಿಗೆ ಪಾಠ ಹೇಳುವವರ ಹಾಗೆ ಶುರುಮಾಡಿದರು. "ಡ್ರಮ್ಮಿನ ಮೇಲೆ ಏನು ಬರೆದಿತ್ತು? ಮೆರೀನ್ ಕೇಬಲ್ ಅಂತ ಬರೆದಿತ್ತು. ಮೆರೀನ್ ಅಂದ್ರೆ ಏನು? ಇಂಗ್ಲಿಷ್ ಓದಿದವರಿಗೆ ಗೊತ್ತಾಗುತ್ತೆ. ಮೆರೀನ್ ಅಂದ್ರೆ ಸಮುದ್ರಕ್ಕೆ ಸಂಬಂಧಪಟ್ಟದ್ದು. ನಮ್ಮಲ್ಲಿ ಸಮುದ್ರ ಇದೆಯೇನು? ಬಂದರಿನವರದು ತಪ್ಪಿ ಇಲ್ಲಿಗೆ ಬಂದಿದೆ. ಪಾಪ, ಕಾಯ್ತಿರ್ತಾರೆ ಅಂತ ಘಟ್ಟದ ಕೆಳಗೆ ಹೋಗೋ ಲಾರಿಗೆ ಹಾಕ್ಸಿದೆ."

"ಸಾರ್, ನೀರಿನಡಿಗೆ ಹಾಕೋ ಕೇಬಲ್ಲಿಗೆಲ್ಲ ಆ ಹೆಸರೇ. ಹೊಳೆ ಆದ್ರೂ ಅಷ್ಟೇ, ಕೆರೆ ಆದ್ರೂ ಅಷ್ಟೇ."

"ಹಾಗಾದ್ರೆ ಕೆರೆ ಕೇಬಲ್ ಅಂತ ಬರೀಬೇಕಾಗಿತ್ತು."

ನನಗೆ ರೇಗಿಹೋಯಿತು. "ಸಮುದ್ರ ಇಲ್ಲ ಅಂತೀರಲ್ಲ, ನೀವು ಕೂತಿರೋ ಊರಿನ ಹೆಸರೇನು ಸಾರ್?"

ಅವರು ಕಿಟಕಿಯಿಂದಾಚೆ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡನ್ನು ಓದಿದರು. ಎರಡನೇ ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, "ಸಾಗರ! ಹೌದಲ್ಲಯ್ಯ! ಪಾಪ, ಕಂಪನಿಯವನು ಈ ಹೆಸರು ನೋಡಿಯೇ ಮೋಸಹೋಗಿದ್ದಾನೆ. ನಾನಿದ್ದೆ, ಸರಿಹೋಯ್ತು" ಎಂದರು.

ತೀರ್ಥಹಳ್ಳಿಯ ಕಾಗದ

ನನ್ನ ಅದೃಷ್ಟಕ್ಕೆ ಆ ಲಾರಿ ಡ್ರೈವರನಿಗಾದರೂ ತಲೆಯಿತ್ತು. ಇಷ್ಟು ಭಾರ ಹೊತ್ತು ಆಗುಂಬೆ ಘಾಟಿ ಇಳಿಯುವುದಿಲ್ಲ ಎಂದು ಡ್ರಮ್ಮನ್ನು ತೀರ್ಥಹಳ್ಳಿಯ ಒಂದು ಹೋಟೆಲಿನ ಮುಂದೆ ಉರುಳಿಸಿ ಹೋಗಿದ್ದ. ಆ ಸುದ್ದಿ ಸಿಕ್ಕಿ ನಾನು ಬಸ್ಸಿಳಿದು ಓಡಿ ಹೋದರೆ ಡ್ರಮ್ಮಿನ ಮೇಲೆ ಹೋಟೆಲಿನವರ ಹಪ್ಪಳ ಒಣಗುತ್ತಿದೆ, ಸುತ್ತ ಒಂದು ಸಭೆ ನೆರೆದಿದೆ. ಸಭೆಯ ಮಧ್ಯೆ ಕೋಟು ಹಾಕಿದ ರಿಟೈರಾದ ಮೇಷ್ಟ್ರು. ಅವರ ಕೈಯಲ್ಲಿ ಕಬ್ಬಿಣ ಕೊಯ್ಯುವ ಗರಗಸ.

ಕೇಬಲ್ಲಿನ ತುದಿಗೆ ಗಾಳಿ ನೀರು ತಾಗದ ಹಾಗೆ ಸೀಸದ ಟೋಪಿ ಹಾಕಿ ಬೆಸೆದಿರುತ್ತಾರೆ. ಮೇಷ್ಟ್ರು ಆ ಟೋಪಿಯನ್ನು ಕೊಯ್ದು ತೆಗೆದಿದ್ದರು. ಒಳಗೇನಿದೆ ಎಂದು ಊರಿಗೆಲ್ಲ ತೋರಿಸುತ್ತಿದ್ದರು.

"ನೋಡಿ, ಪರದೇಶಕ್ಕೆ ಕೇಬಲ್ ಕಳಿಸಿದ, ಅಂದ್ರೆ ಟೆಲಿಗ್ರಾಂ ಕಳಿಸಿದ ಅಂತ ಪೇಪರಿನಲ್ಲಿ ಓದ್ತೀರಲ್ಲ, ಆ ಕೇಬಲ್ ಇದೇ. ಸಮುದ್ರದ ತಳದಲ್ಲಿ ಹಾಕಿರ್ತಾರೆ. ಸುದ್ದಿ ಇದರೊಳಗೇ ಹೋಗೋದು."

"ಹೆಂಗೆ ಹೋಗ್ತದೆ ಮೇಷ್ಟ್ರೇ?" ಎಂದ ಒಬ್ಬ.

ಮೇಷ್ಟ್ರು ತುದಿಯಿಂದ ಸುರುಳಿ ಸುರುಳಿಯಾಗಿ ಒಂದು ಪಟ್ಟಿ ಎಳೆದು ಎತ್ತಿ ಹಿಡಿದರು. "ನೋಡಿ, ಕಾಗದ! ಯಾರದ್ದೋ ಕಾಗದ ಅರ್ಧ ದಾರೀಲೇ ನಿಂತುಬಿಟ್ಟಿದೆ!"

ಜನ ಬಗ್ಗಿ ನೋಡಿದರು. ಒಬ್ಬಾಕೆ ಮರುಗಿದಳು: "ಅಯ್ಯೋ, ಯಾರ ಮನೇದೋ ಏನೋ. ಏನು ಬರ್ದಿದಾರೆ ಓದಿ ಮೇಷ್ಟ್ರೇ."

"ಎಣ್ಣೆ ತಾಗಿ ಅಕ್ಷರ ಅಳಿಸಿಹೋಗಿದೆ" ಎಂದರು ಮೇಷ್ಟ್ರು, ಗಂಭೀರವಾಗಿ.

ನಾನು ಎದೆ ಬಡಿದುಕೊಂಡು ನುಗ್ಗಿದೆ. ಅದು ತಾಮ್ರದ ಎಳೆಗೆ ಸುತ್ತಿರುವ, ಎಣ್ಣೆ ಕುಡಿಸಿದ ಕಾಗದ. ಕರೆಂಟು ಹೊರಗೆ ಹಾರದ ಹಾಗೆ ಹಿಡಿದಿಡುವುದೇ ಅದು. ಆ ಕಾಗದಕ್ಕೆ ತೇವ ತಾಗಿತೋ, ಕೇಬಲ್ ಮುಗಿದ ಹಾಗೆಯೇ. ಇವರು ಕೇಬಲ್ಲಿನ ಬಾಯಿ ತೆರೆದಿಟ್ಟು ಎಷ್ಟು ಹೊತ್ತಾಗಿದೆಯೋ, ಎಷ್ಟು ಕೈ ಬಿದ್ದಿದೆಯೋ. ತೇವ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಲು ಒಂದೇ ದಾರಿ: ಕಾಗದದ ಚೂರನ್ನು ಚೆನ್ನಾಗಿ ಕಾದ ಮೇಣಕ್ಕೋ ಎಣ್ಣೆಗೋ ಹಾಕಬೇಕು. ಚಟಚಟ ಎಂದರೆ ತೇವ, ಸುಮ್ಮನಿದ್ದರೆ ಒಣ. ಹೋಟೆಲಿನವರ ಬೋಂಡಾ ಬಾಣಲೆ ಕಾದಿತ್ತು. ನಾನು ಅದರ ಮುಂದೆ ನಿಂತು ಕೇಬಲ್ಲನ್ನು ಸ್ವಲ್ಪ ಸ್ವಲ್ಪವೇ ಕೊಯ್ದು ಕಾಗದ ಹಾಕತೊಡಗಿದೆ. ಹಾಕಿದರೆ ಚಟಚಟ. ಮತ್ತೆ ಕೊಯ್ಯಿ, ಮತ್ತೆ ಹಾಕು, ಮತ್ತೆ ಚಟಚಟ. ಒಳ್ಳೆಯ ಕೇಬಲ್ಲು ಮೊಳಗಟ್ಟಲೆ ತುಂಡಾಗಿ ಕಾಲ ಬುಡದಲ್ಲಿ ಬೀಳುತ್ತಿದ್ದರೆ ನನ್ನ ಜಾಯಿಂಟರ್ ಕೆಲಸವೇ ಚೂರುಚೂರಾಗಿ ಬೀಳುತ್ತಿದೆ ಅನ್ನಿಸುತ್ತಿತ್ತು. ಕೊನೆಗೆ ಒಂದು ಚೂರು ಸದ್ದಿಲ್ಲದೆ ಎಣ್ಣೆಯಲ್ಲಿ ತೇಲಿತು. ಕೂಡಲೇ ತುದಿಗೆ ಮತ್ತೆ ಸೀಸದ ಟೋಪಿ ಹಾಕಿ ಬೆಸೆದೆ.

ಅಷ್ಟರಲ್ಲಿ ಆಗಷ್ಟೇ ಬಸ್ಸಿಳಿದು ಬಂದ ಗಿರಾಕಿಯೊಬ್ಬ ಬಾಣಲೆ ನೋಡಿ ಬೆಂಚಿನ ಮೇಲೆ ಕೂತ. "ಅದೆಂತದು ಹೊಸಾ ತಿಂಡಿ? ತೆಳ್ಳಗೆ ಚೆನ್ನಾಗಿ ಬಂದಿದೆ. ಒಂದು ಪ್ಲೇಟ್ ಕೊಡಿ, ಜೊತೆಗೆ ಚಟ್ನಿ ಇರ್ಲಿ."

ರಿಪ್ಪನ್‌ಪೇಟೆಯ ಮಂಡಿ

ಡ್ರಮ್ಮನ್ನು ಇನ್ನೊಂದು ಲಾರಿಗೆ ಹೇರಿಸಿ, ಇನ್ನು ಯಾರೂ ಮುಟ್ಟಬಾರದೆಂದು ನಾನು ಅದರ ಪಕ್ಕದಲ್ಲೇ ಕೂತು ಹೊರಟೆ. ರಿಪ್ಪನ್‌ಪೇಟೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಸಂತೆ. ನಮ್ಮೂರಿನ ಕಡೆಯ ಒಬ್ಬ ಅಜ್ಜ ಜನರ ಮಧ್ಯದಿಂದ ಕುಂಟುತ್ತ ಬಂದು ಲಾರಿಯ ಗಾಲಿಯ ಮೇಲೆ ಕಾಲಿಟ್ಟು ಪಂಚೆ ಮೇಲೆತ್ತಿದ.

"ನೋಡಾ ತಮ್ಮಾ."

"ಎಂತ ನೋಡೂದು?"

"ಮಂಡಿ. ಎರಡು ಮಳೆಗಾಲ ಆತು, ಮಡಚಕ್ಕಾಗಲ್ಲ. ನಿನ್ನವ್ವ ಹೇಳಿದ್ಳು, ನೀನು ಜಾಯಿಂಟು ಕೂಡ್ಸೂದು ಕಲ್ತೀಯಂತೆ."

ಅವ್ವ ಹೇಳಿದ್ದು ಸುಳ್ಳಲ್ಲ. ಆಸ್ಪತ್ರೆಯ ಡಾಕ್ಟರು ಕೀಲಿಗೆ ಜಾಯಿಂಟು ಎನ್ನುವುದನ್ನು ಅಜ್ಜ ಕೇಳಿದ್ದ. ಎರಡನ್ನೂ ಅವನೇ ಕೂಡಿಸಿಕೊಂಡಿದ್ದ.

"ಅಜ್ಜಾ, ನಾನು ಕೂಡ್ಸೂದು ಕೇಬಲ್ಲಿನ ಜಾಯಿಂಟು. ಸೀಸ ಕರಗ್ಸಿ ಹೊಯ್ತೀನಿ, ಮೇಲೆ ಡಾಂಬರು ತುಂಬ್ತೀನಿ. ಹೊಯ್ಲಾ?"

ಅಜ್ಜ ಹೆದರಿ ಓಡುತ್ತಾನೆ ಅಂದುಕೊಂಡೆ. ಅವನು ಮಂಡಿಯನ್ನು ಇನ್ನಷ್ಟು ಮುಂದೆ ತಂದ.

"ಸೀಸ ಬ್ಯಾಡ, ಭಾರ ಆಗ್ತದೆ. ಡಾಂಬರು ಸಾಕು."

ಒಡೇರಿಗೆ ಎಣ್ಣೆ ಕೇಬಲ್ಲೇ ಬೇಕು

ಡ್ರಮ್ಮು ನಮ್ಮೂರ ದಡ ಮುಟ್ಟಿದ ಮರುದಿನವೇ ಒಡೇರು ದೋಣಿಯಲ್ಲಿ ಬಂದರು. ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೊಯ್ದ ತುದಿಯನ್ನು ಊರುಗೋಲಿನಿಂದ ಕುಟ್ಟಿ, "ಎಂತದಾ ಇದು, ಇದರೊಳಗೆ ಎಂತ ಇದ್ದು?" ಎಂದರು.

ನಾನು ತೀರ್ಥಹಳ್ಳಿಯಲ್ಲಿ ಕೊಯ್ದ ತುಂಡೊಂದನ್ನು ಹಿಡಿದು ಒಂದೊಂದಾಗಿ ತೋರಿಸಿದೆ. ಒಳಗೆ ತಾಮ್ರ. ಅದರ ಮೇಲೆ ಎಣ್ಣೆ ಕುಡಿದ ಕಾಗದ, ಪದರದ ಮೇಲೆ ಪದರ. ಅದರ ಮೇಲೆ ನೀರು ಬಾರದ ಹಾಗೆ ಸೀಸ. ಸೀಸ ಮೆತ್ತಗಿನ ಲೋಹ, ಅದಕ್ಕೆ ಗಾಯವಾಗದಿರಲಿ ಎಂದು ಡಾಂಬರು ಹಚ್ಚಿದ ಸೆಣಬು. ಹೊಳೆಯ ತಳದ ಬಂಡೆ ಉಜ್ಜಿದರೂ ಹರಿಯದಿರಲಿ ಎಂದು ಸುತ್ತ ಉಕ್ಕಿನ ತಂತಿ. ಎಲ್ಲದರ ಮೇಲೆ ಮತ್ತೆ ಸೆಣಬು, ಮತ್ತೆ ಡಾಂಬರು. ಇಷ್ಟು ಚೆನ್ನಾಗಿ ನಮ್ಮ ಇಂಜಿನಿಯರ್ ಸಾಹೇಬರು ಹೇಳಲಿ ನೋಡೋಣ!

ಒಡೇರ ಮುಖ ಹುಳ್ಳಗಾಯಿತು. "ಸೀಸ, ಸೆಣಬು, ಡಾಂಬರು, ರದ್ದಿ ಕಾಗದ. ಎಂಗೊ ಎಂತ ಅಷ್ಟು ಬಡವರನಾ? ಪವರ್‌ಹೌಸಿನಲ್ಲಿ ಎಣ್ಣೆ ಕೇಬಲ್ ಇದ್ದಡ. ಅದನ್ನೇ ಹಾಕ್ಸು."

"ಅದು ಭಾರೀ ವೋಲ್ಟೇಜಿನದು ಒಡೇರೇ. ಬರೀ ಕಾಗದ ಆದ್ರೆ ಪದರದ ಸಂದೀಲಿ ಎಲ್ಲಾದ್ರೂ ಗಾಳಿ ಉಳಿದು, ಕಿಡಿ ಎದ್ದು ಸುಡ್ತದೆ. ಅದಕ್ಕೇ ಟ್ಯಾಂಕು ಇಟ್ಟು ಎಣ್ಣೆ ಒತ್ತಿ ತುಂಬಿರ್ತಾರೆ. ನಿಮ್ಮನೇಲಿ ಉರಿಯೋದು ಬಲ್ಬು, ನಿಮಗೆ ಅದು ಯಾಕೆ?"

"ಮತ್ತೆ ಮನೆ ಒಳಗೆ ಎಂತ ಹಾಕ್ತೆ?"

"ಒಳಗೆ ರಬ್ಬರ್ ವೈರು. ಮೇಲೆ ಹತ್ತಿ ನೂಲಿನ ಹೆಣಿಗೆ ಇರ್ತದೆ. ಈಗ ಪ್ಲಾಸ್ಟಿಕ್ಕಿನದೂ ಬಂದಿದೆ."

"ರಬ್ಬರಾ! ಚಪ್ಪಲಿಗೆ ಹಾಕದು ದೇವರ ಮನೆಗೆ ಬತ್ತಾ?" ಎಂದು ಅವರು ಹೌಹಾರಿದರು. ಆಮೇಲೆ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡು, ಖರ್ಚಿನ ಮಾತು ಬೇಡ. ಎಣ್ಣೆ ಬದಲಿಗೆ ಆ ಕಾಗದಕ್ಕೆ ತುಪ್ಪ ಹಾಕಿರೆ, ದೀಪ ಇನ್ನೂ ಬೆಳ್ಳಗೆ ಬತ್ತಾ?"

"ಬರ್ತದೆ ಒಡೇರೇ. ಆದ್ರೆ ಇಲಾಖೆಯವರು ಬಿಲ್ಲಿನಲ್ಲಿ ತುಪ್ಪದ ರೇಟು ಹಾಕ್ತಾರೆ."

ಒಡೇರು ದೋಣಿ ಹತ್ತಿದವರು ಹಿಂದಿರುಗಿ ನೋಡಲಿಲ್ಲ.

ನಿಲ್ಸಿ, ಇಳ್ಸಿ

ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ಡ್ರಮ್ಮನ್ನಿಟ್ಟು, ಆಚೆ ದಡದ ಕಡೆ ಹೋಗುತ್ತ ಕೇಬಲ್ಲನ್ನು ನೀರಿಗೆ ಬಿಡುವುದು. ಇಂಜಿನಿಯರ್ ಸಾಹೇಬರು ಬಯಲುಸೀಮೆಯವರು. ಮೊಳಕಾಲಿಗಿಂತ ಆಳದ ನೀರನ್ನು ಅವರು ಬಾವಿಯಲ್ಲಿ ಮಾತ್ರ ನೋಡಿದ್ದು. ಈಜು ಬಾರದು. ಅದಕ್ಕೆ ಸೊಂಟದ ಸುತ್ತ ಖಾಲಿ ಸೀಮೆಎಣ್ಣೆ ಡಬ್ಬಗಳನ್ನು ಕಟ್ಟಿಕೊಂಡು, ಮದುವಣಗಿತ್ತಿಯ ಹಾಗೆ ಮೆಲ್ಲಗೆ ಹೆಜ್ಜೆಯಿಟ್ಟು ಜಂಗಲ್ ಹತ್ತಿದರು.

ಅವರು ಉಸಿರಾಡಿದರೆ ಡಬ್ಬ ಡಣ್ ಎನ್ನುತ್ತಿತ್ತು. ಕೈಯೆತ್ತಿದರೆ ಡಣಡಣ. ಹೊಳೆಯ ನಡುವೆ, ಕೇಬಲ್ಲು ಬೇಕಾದ್ದಕ್ಕಿಂತ ಜಾಸ್ತಿ ಇಳಿಯುತ್ತಿದೆ ಅನ್ನಿಸಿ ಅವರು ಹಾರಿ ಕೂಗಿದರು: "ನಿಲ್ಸಿ! ನಿಲ್ಸಿ!" ಡಬ್ಬದ ಗದ್ದಲದಲ್ಲಿ ದೋಣಿಯವರಿಗೆ ಕೇಳಿದ್ದು "ಇಳ್ಸಿ! ಇಳ್ಸಿ!" ಎಂದು. ಅವರು ಇನ್ನೂ ಇಳಿಸಿದರು. ಸಾಹೇಬರು ಇನ್ನೂ ಹಾರಿದರು. ಡಬ್ಬಗಳು ಇನ್ನೂ ಬಡಿದುಕೊಂಡವು. "ಆಯ್ತು ಸ್ವಾಮಿ, ಇಳಿಸ್ತಾ ಇದೀವಲ್ಲ!" ಎಂದು ದೋಣಿಯವರು ಬೆವರು ಸುರಿಸಿ ಇಳಿಸಿದ್ದೇ ಇಳಿಸಿದ್ದು. ನಾನು ಡ್ರಮ್ಮಿನ ಹಿಂದಿನಿಂದ ಓಡಿಬಂದು ಬ್ರೇಕಿನ ಮರ ಒತ್ತುವಷ್ಟರಲ್ಲಿ ಕೇಬಲ್ಲು ತಳದಲ್ಲಿ ಜಿಲೇಬಿಯ ಹಾಗೆ ಸುತ್ತಿ ಬಿದ್ದಿತ್ತು. ಅಷ್ಟು ಭಾರವನ್ನು ಮತ್ತೆ ಮೇಲೆಳೆಯುವ ಗಂಡಸು ಅಲ್ಲಿ ಯಾರಿದ್ದ?

ತೀರ್ಥಹಳ್ಳಿಯಲ್ಲಿ ಕೊಯ್ದದ್ದು ಅಷ್ಟು, ಇಲ್ಲಿ ಸುತ್ತಿ ಬಿದ್ದದ್ದು ಇಷ್ಟು. ಆಚೆ ದಡದ ನೀರಿನಂಚಿಗೆ ಬರುವಾಗ ಡ್ರಮ್ಮು ಖಾಲಿ. ಕೇಬಲ್ಲಿನ ತುದಿ ಕೆಸರಿನ ಮೇಲೆ, ಕಂಬ ಎತ್ತರದ ದಿಬ್ಬದಲ್ಲಿ.

ಸಾಹೇಬರು ದಡದಲ್ಲಿ ಕೂತು ತಲೆ ಮೇಲೆ ಕೈ ಹೊತ್ತರು. ಡಬ್ಬ ಡಣ್ ಎಂದಿತು.

ಮಡಿ

ಪುಣ್ಯಕ್ಕೆ ಸ್ಟೋರಿನಲ್ಲಿ ನೆಲದಡಿಗೆ ಹಾಕುವ ಅದೇ ಜಾತಿಯ ಕೇಬಲ್ಲಿನ ತುಂಡೊಂದಿತ್ತು. ಅದನ್ನು ಹೊಳೆಯ ಕೇಬಲ್ಲಿಗೆ ಜೋಡಿಸಿ ಕಂಬ ಮುಟ್ಟಿಸಬೇಕು. ಜೋಡಿಸುವ ಜಾಗ ಬೇಸಿಗೆಯಲ್ಲಿ ಒಣ ದಡ, ಮಳೆಗಾಲದಲ್ಲಿ ಮುಳುಗಡೆ. ಕೂದಲೆಳೆಯಷ್ಟು ಸಂದು ಉಳಿದರೂ ನೀರು ಒಳಗೆ ಹೋಗಿ ಎಲ್ಲ ಸಿಡಿಯುತ್ತದೆ. ಮೇಸ್ತ್ರಿ ಇಲ್ಲ. ನಾನೇ ಮಾಡಬೇಕು. ಅಪ್ಪನನ್ನೇ ಕೈಯಾಳಾಗಿ ಕರೆದುಕೊಂಡು ದಡದಲ್ಲಿ ಟಾರ್ಪಾಲು ಕಟ್ಟಿ ಶುರುಮಾಡಿದೆ.

ಉಕ್ಕಿನ ತಂತಿ ಬಿಡಿಸಿ, ಸೀಸ ಸುಲಿದು, ಕಾಗದ ಸುತ್ತಿದ ಎಳೆಗಳನ್ನು ಹೂವಿನ ಎಸಳಿನ ಹಾಗೆ ಅರಳಿಸಿ ಇಟ್ಟೆ. ಕೈಯ ಬೆವರು ತಾಗಿದರೂ ಕೆಡುವ ಹೊತ್ತು ಅದು. ಮೇಣ ಕಾದಿದೆಯೋ ಎಂದು ಒಲೆಯ ಕಡೆ ತಿರುಗಿದೆ, ಅಷ್ಟೇ. ಹಿಂದಿನಿಂದ ಮಂತ್ರ ಕೇಳಿಸಿತು.

ಮನೆಗೆ ಮೊದಲ ಸಲ ಕರೆಂಟು ಬರುತ್ತದೆಂದು ಒಡೇರು ಭಟ್ಟರನ್ನು ಕರೆಸಿದ್ದರು. ಭಟ್ಟರು ಕಲಶ ಹಿಡಿದು ಟಾರ್ಪಾಲಿನೊಳಗೆ ಬಗ್ಗಿ, ಮಾವಿನೆಲೆಯನ್ನು ಅದ್ದಿ ಅದ್ದಿ, ನನ್ನ ಬಿಚ್ಚಿಟ್ಟ ಕೇಬಲ್ಲಿಗೆ ನೀರು ಚಿಮುಕಿಸುತ್ತಿದ್ದರು. ಒಂದು ಎಳೆಯನ್ನೂ ಬಿಡಲಿಲ್ಲ. ಎಲ್ಲ ಎಸಳಿಗೂ ಸಮನಾಗಿ!

ನಾನು ಹಾಕಿದ ಕೂಗಿಗೆ ಹೊಳೆ ದಾಟಿ ನಮ್ಮ ಕೇರಿಯ ನಾಯಿ ಬೊಗಳಿತು.

"ಎಂತಕ್ಕೆ ಅರಚ್ತೆ? ಒಳ್ಳೇದಾಗಲಿ ಅಂತ ಪ್ರೋಕ್ಷಣೆ" ಎಂದರು ಭಟ್ಟರು.

"ನೀರು ಹಾಕಿದ್ರಲ್ಲ ಭಟ್ರೇ!"

"ನೀರಲ್ಲದಾ, ತೀರ್ಥ."

ಸಾಹೇಬರು ನನ್ನ ಕಿವಿಯಲ್ಲಿ, "ತೀರ್ಥ ಅಂದ್ರೆ ಸ್ವಲ್ಪಾನೇ ತಾನೇ ಇರೋದು?" ಎಂದರು. ನಾನು ಒಂದು ಚೂರು ಕಾಗದವನ್ನು ಕಾದ ಮೇಣಕ್ಕೆ ಹಾಕಿದೆ. ಅದು ದೀಪಾವಳಿಯ ಪಟಾಕಿಯ ಹಾಗೆ ಸಿಡಿಯಿತು. ಭಟ್ಟರು ಕಣ್ಣು ಮುಚ್ಚಿ ಕೈ ಮುಗಿದರು. "ನೋಡಿ, ಮಂತ್ರದ ಶಕ್ತಿ!"

ಕೆಟ್ಟದ್ದನ್ನೆಲ್ಲ ಕೊಯ್ದು ಹಾಕಬೇಕಾಯಿತು. ಉಳಿದ ತುಂಡು ಇನ್ನೊಂದೇ ಸಲ ಜೋಡಿಸುವಷ್ಟು. ಇನ್ನೊಮ್ಮೆ ಕೆಟ್ಟರೆ ಕಂಬ ಮುಟ್ಟುವುದಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಒಡೇರು ಆಕಾಶ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಪ್ಪನಿಗೆ, "ನೇಗಿಲಿನ ಹಿಡಿ ಸಡಿಲ ಇದ್ದರೆ ಈಗಲೇ ಬಿಗಿ ಮಾಡ್ಸಿಟ್ಗ. ನಿನ್ನ ಮಗನ ಕೈ ಬಹಳ ನಾಜೂಕು" ಎಂದರು. ಅಪ್ಪ ತಲೆ ತಗ್ಗಿಸಿ ನಕ್ಕ. ನಾನು ನಗಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಕೂತೆ. ಮತ್ತೆ ಅದೇ ಸಂತೆ. ಒಬ್ಬ ಬಗ್ಗುತ್ತಾನೆ, ಒಬ್ಬ ಬೆರಳು ಚಾಚುತ್ತಾನೆ, ಒಬ್ಬ ಎಲೆಯಡಿಕೆ ಬಾಯಲ್ಲೇ ನನ್ನ ತಲೆಯ ಮೇಲೆ ಮಾತಾಡುತ್ತಾನೆ. "ದೂರ ಹೋಗಿ" ಎಂದೆ, ಹೋಗಲಿಲ್ಲ. "ಶಾಕ್ ಹೊಡೀತದೆ" ಎಂದೆ. "ಕರೆಂಟೇ ಬಂದಿಲ್ಲ, ಎಂತ ಶಾಕು?" ಎಂದು ನಕ್ಕರು. ಭಟ್ಟರು ಹೊಸದಾಗಿ ತುಂಬಿದ ಕಲಶದೊಡನೆ ಮೇಲಿನಿಂದ ಇಳಿದು ಬರುತ್ತಿದ್ದರು.

ಆಗ ಕೋಲೂರಿಕೊಂಡು ಒಡೇರ ತಾಯಿ, ದೊಡ್ಡಮ್ಮ, ಬಂದರು. ಹಲ್ಲು ಒಂದೂ ಇಲ್ಲ, ನಾಲಿಗೆ ಮಾತ್ರ ಪೂರಾ ಇದೆ. ಮನೆಯಲ್ಲಿ ಒಡೇರೂ ಹೆದರುವುದು ಅವರೊಬ್ಬರಿಗೆ.

"ಎಂತಕಾ ಯಾರೂ ಮುಟ್ಟಲಾಗ ಹೇಳಿ ಕೂಗ್ತೆ?"

ಕಾಗದ, ತೇವ, ವೋಲ್ಟೇಜು ಎಂದು ಇವರಿಗೆ ಹೇಳಿ ಏನು ಪ್ರಯೋಜನ ಎಂದು ರೇಗಿ, ಬಾಯಿಗೆ ಬಂದದ್ದನ್ನು ಹೇಳಿದೆ. "ದೊಡ್ಡಮ್ಮಾ, ಈ ಕೇಬಲ್ಲು ಮಡೀಲಿದೆ. ಕೈ ತಾಗಿದ್ರೆ ಮೈಲಿಗೆ, ಹನಿ ನೀರು ಬಿದ್ರೆ ಮೈಲಿಗೆ. ಇದು ಮುಗಿಯೋವರೆಗೆ ನಾನೂ ಮಡೀಲಿದ್ದೀನಿ."

ಜನ ಎರಡು ಹೆಜ್ಜೆ ಹಿಂದೆ ಸರಿದರು. ದೊಡ್ಡಮ್ಮನ ಕಣ್ಣು ಅಗಲವಾಯಿತು. "ಹಂಗೆ ಹೇಳದಲ್ದಾ ಮೊದಲೇ! ಇಷ್ಟು ಹೊತ್ತು ಎಂತೆಂತದೋ ಒದರ್ತಾ ಇದ್ದೆ" ಎಂದವರೇ ಕೋಲಿನಿಂದ ಮಣ್ಣಿನಲ್ಲಿ ಟಾರ್ಪಾಲಿನ ಸುತ್ತ ಒಂದು ಗೆರೆ ಎಳೆದು, ಗೆರೆಯ ಬಾಯಲ್ಲಿ ಮಣೆ ಹಾಕಿಸಿಕೊಂಡು ಕೂತುಬಿಟ್ಟರು.

ಇಲಾಖೆಯಲ್ಲಿ ಅಂಥ ಸೂಪರ್‌ವೈಸರ್ ಇನ್ನೂ ಹುಟ್ಟಿಲ್ಲ. ಸಾಹೇಬರು ಬೂಟು ಹಾಕಿಕೊಂಡು ನೋಡಲು ಬಂದರು. "ಚರ್ಮ ಮೆಟ್ಟಿಕ್ಯಂಡು ಎತ್ಲಾಗೆ ಬಪ್ಪದು?" ಎಂಬ ಕೂಗಿಗೆ ಬರಿಗಾಲಲ್ಲಿ ಓಡಿ ಹಲಸಿನ ಮರದಡಿ ನಿಂತರು. ಎಲೆಯಡಿಕೆಯವನು ನುಂಗಲೂ ಆಗದೆ ಉಗುಳಲೂ ಆಗದೆ ಬಾಯಿ ಉಬ್ಬಿಸಿಕೊಂಡು ದೂರ ನಿಂತ. ಕೊನೆಗೆ ಭಟ್ಟರು ಬಂದರು.

"ಆ ನೀರು ಅತ್ಲಾಗಿಡು" ಎಂದರು ದೊಡ್ಡಮ್ಮ.

"ನೀರಲ್ಲ, ತೀರ್ಥ..."

"ತೀರ್ಥ ಆದರೆ ನೀನೇ ಕುಡಿ."

ಭಟ್ಟರು ಕುಡಿದರು. ಬೇರೆ ದಾರಿ ಇರಲಿಲ್ಲ.

ಆ ಗೆರೆಯ ಒಳಗೆ ನಾನು ಮಾಡಿದ ಕೆಲಸವನ್ನು ಮುದುಕ ಮೇಸ್ತ್ರಿ ನೋಡಿದ್ದರೆ ಜ್ವರ ಬಿಟ್ಟು ಎದ್ದು ಕೂರುತ್ತಿದ್ದ. ತಾಮ್ರ ಬೆಸೆದೆ, ಎಣ್ಣೆ ಕಾಗದವನ್ನು ಒಂದು ಸುಕ್ಕಿಲ್ಲದ ಹಾಗೆ ಸುತ್ತಿದೆ, ಸೀಸದ ಕೊಳವೆ ಸರಿಸಿ, ಕರಗಿದ ಸೀಸವನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಬೆಣ್ಣೆಯ ಹಾಗೆ ನುಣ್ಣಗೆ ಮಾಡಿದೆ. ಕಾಯಿಸಿದ ಡಾಂಬರನ್ನು ಅಪ್ಪ ಸೌಟಿನಲ್ಲಿ ಹೊಯ್ದ, ನಾನು ಅವನ ಕೈ ಹಿಡಿದು ತೋರಿಸಿದೆ. ಮೆಗ್ಗರ್ ಎಂಬ ಪರೀಕ್ಷೆಯ ಪೆಟ್ಟಿಗೆಯ ಹಿಡಿಯನ್ನು ಸಾಹೇಬರೇ ತಿರುಗಿಸಿದರು. ಮುಳ್ಳು ಹೋಗಿ ಆ ತುದಿಯಲ್ಲಿ ನಿಂತಿತು: ಎಲ್ಲೂ ಕರೆಂಟು ಸೋರುತ್ತಿಲ್ಲ.

ಎಲ್ಲ ಮುಗಿಯುವಾಗ ಊಟದ ಹೊತ್ತು ಮೀರಿ ಬಹಳವಾಗಿತ್ತು. ಮೋಡ ತಲೆಯ ಮೇಲೆ ಬಂದಿತ್ತು. ಸಾಹೇಬರು ಕೆಂಪು ಬಟ್ಟೆ ಬೀಸಿದರು. ನಮ್ಮ ಕೇರಿಯ ದಡದಲ್ಲಿ ಕಾಯುತ್ತಿದ್ದ ಲೈನ್‌ಮನ್ ಸ್ವಿಚ್ಚು ಎತ್ತಿದ. ಸಿಡಿಯುತ್ತದೆಂದು ಕಾಯುತ್ತಿದ್ದವರಿಗೆ ಏನೂ ಕೇಳಿಸಲಿಲ್ಲ. ಒಡೇರ ಕತ್ತಲೆಯ ಅಡಿಗೆಮನೆಯೊಳಗಿಂದ ಹೆಂಗಸರು ಒಟ್ಟಿಗೆ "ಹೋ!" ಎಂದದ್ದು ಮಾತ್ರ ಕೇಳಿಸಿತು.

ಸಾಹೇಬರು ಬರಿಗಾಲಲ್ಲೇ ಓಡಿ ಬಂದರು. "ಇವತ್ತಿನಿಂದ ನೀನೇ ಜಾಯಿಂಟರ್ ಕಣಯ್ಯಾ!" ಒಡೇರೂ ಒಳಗೆ ಹೋಗಿ ದೀಪ ನೋಡಿ, ಹೊರಗೆ ಬಂದು ನನ್ನ ಭುಜ ತಟ್ಟಲು ಕೈಯೆತ್ತಿದರು.

"ಮುಟ್ಟಡ!" ಎಂದರು ದೊಡ್ಡಮ್ಮ. "ಅವ ಮಡೀಲಿ ಇದ್ದ."

ಜಗುಲಿಯಲ್ಲಿ ಬಾಳೆಲೆ ಹಾಕಿತ್ತು. ಒಡೇರು, ಭಟ್ಟರು ಕೂರುವ ಪಂಕ್ತಿ ಅದು. ನಾವು ಯಾವಾಗ ಬಂದರೂ ಅಂಗಳದಲ್ಲೇ ನಿಲ್ಲುವವರು. ಭಟ್ಟರು ಬೆಳಗಿನಿಂದ ಹಸಿದವರು, ನೆಟ್ಟಗೆ ಹೋಗಿ ಎಲೆಯ ಮುಂದೆ ಬಗ್ಗಿದರು. ದೊಡ್ಡಮ್ಮನ ಕೋಲು ಅಡ್ಡ ಬಂತು.

"ಮೊದಲು ಮಡೀಲಿದ್ದವಂಗೆ ಬಡಿಸವು. ಅವನ ಊಟ ಆಗದೆ ನಿಂಗಕ್ಕೆ ಇಲ್ಲೆ."

"ಆಯೀ, ಅವ ನಮ್ಮ ಒಕ್ಕಲ ಮಗ..." ಎಂದರು ಒಡೇರು.

"ಮಡಿಗೆ ಒಕ್ಕಲು ಒಡೆಯ ಹೇಳಿ ಗೊತ್ತಿಲ್ಲೆ. ನೀ ದೀಪ ನೋಡ್ದೆ, ಅಲ್ದಾ? ಹಂಗಾರೆ ಸುಮ್ಮಂಗಿರು."

ನಾನು ಕೈಕಾಲು ತೊಳೆದು, ಒಡೇರ ಎಲೆಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತೆ. ಅಪ್ಪ ಅಂಗಳದಲ್ಲಿ ನಿಂತಿದ್ದ. "ದೊಡ್ಡಮ್ಮಾ, ಅಪ್ಪನೂ ಬೆಳಗಿಂದ ನನ್ನನ್ನ ಮುಟ್ಟಿಕೊಂಡೇ ಕೆಲಸ ಮಾಡಿದಾನೆ. ಅವನನ್ನ ಏನು ಮಾಡೂದು?"

"ಹಂಗಾರೆ ಅವನೂ ಮಡೀಲಿ ಇದ್ದಾಂಗಾತು. ಬಾ, ಕೂರು" ಎಂದರು ದೊಡ್ಡಮ್ಮ. ಅಪ್ಪ ಹೆದರಿ ಹೆದರಿ ಬಂದು ಭಟ್ಟರ ಎಲೆಯ ಮುಂದೆ ಕೂತ.

ಅನ್ನ ಬಂತು, ತಂಬುಳಿ ಬಂತು, ಹುಳಿ ಬಂತು. ಒಡೇರು ಕಂಬಕ್ಕೆ ಒರಗಿ ಮೇಲೆ ಉರಿಯುತ್ತಿದ್ದ ಬಲ್ಬನ್ನೇ ನೋಡುತ್ತಿದ್ದರು. ಸಾಹೇಬರು ಬೂಟು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಭಟ್ಟರು ನಾನು ನುಂಗಿದ ತುತ್ತನ್ನೆಲ್ಲ ಕಣ್ಣಿನಲ್ಲೇ ತಾವೂ ನುಂಗುತ್ತ, ಕೊನೆಗೆ ತಡೆಯಲಾರದೆ ಕೇಳಿದರು.

"ಹೋಯ್ ಜಾಯಿಂಟರ್ರೇ, ನಿಮ್ಮ ಈ ಮಡಿ ಬಿಡದು ಎಷ್ಟೊತ್ತಿಗೆ?"

ನನಗೆ ಮೊದಲ ಸಲ ಬಹುವಚನ ಕೊಟ್ಟವರು ಅವರೇ. ಅದಕ್ಕೆ ಮರ್ಯಾದೆಯಿಂದಲೇ ಉತ್ತರ ಕೊಟ್ಟೆ.

"ಜಾಯಿಂಟು ಪೂರ್ತಿ ತಣ್ಣಗಾಗಬೇಕಲ್ಲ ಭಟ್ರೇ. ಅವಸರ ಮಾಡಬಾರದು. ದೊಡ್ಡಮ್ಮಾ, ಅಪ್ಪನ ಎಲೆಗೆ ಇನ್ನೊಂದು ಸೌಟು ಪಾಯಸ!"